ಸೋರ್ ಫ್ರೋಯಾ: 1906ರಲ್ಲಿ ಹುಟ್ಟಿ 1964ರಲ್ಲಿ ಮುಗಿದ ನಾರ್ವೆಯ ಕೊಮ್ಮೂನೆ ಬಗ್ಗೆ ಗೊತ್ತಿದ್ದವರು ಹೇಳಿ

ಸಾಧನಕೇರಿ ಟೀಚರ್ (ಧಾರವಾಡ):

ಎಲ್ಲರಿಗೂ ನಮಸ್ಕಾರ. ನಾನು ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಕಲಿಸುತ್ತೇನೆ. ಮಗಳು ನಾರ್ವೆಯ ತ್ರೋನ್‌ಹೈಮ್‌ನಲ್ಲಿ ಓದುತ್ತಿದ್ದಾಳೆ. ರಜೆಯಲ್ಲಿ ಅಲ್ಲಿಂದ ಪಶ್ಚಿಮಕ್ಕಿರುವ ಫ್ರೋಯಾ ದ್ವೀಪಕ್ಕೆ ಹೋಗಿದ್ದಳು. ಅಲ್ಲೊಬ್ಬ ಅಜ್ಜಿ "ನಾನು ಹುಟ್ಟಿದ್ದು ಸೋರ್ ಫ್ರೋಯಾ ಕೊಮ್ಮೂನೆಯಲ್ಲಿ, ಈಗ ಅದು ಇಲ್ಲ" ಅಂದರಂತೆ. ಕೊಮ್ಮೂನೆ ಅಂದರೆ ಅಲ್ಲಿನ ಪಂಚಾಯ್ತಿ, ಮುನ್ಸಿಪಾಲ್ಟಿ ಎಲ್ಲ ಅದೇ. ಒಂದೇ ದ್ವೀಪಕ್ಕೆ ಎರಡು ಕೊಮ್ಮೂನೆ ಯಾಕೆ ಬೇಕಾಯಿತು? ಮತ್ತೆ ಯಾಕೆ ಕೂಡಿಸಿದರು?

ಕೇಳಲು ಕಾರಣ ಇದೆ. ಹುಬ್ಬಳ್ಳಿ, ಧಾರವಾಡ ಸೇರಿ ಒಂದೇ ಪಾಲಿಕೆ ಆದದ್ದು 1962ರಲ್ಲಿ. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಸಚಿವ ಸಂಪುಟ ಒಪ್ಪಿತು. ಕೂಡಿ ಇರೋದು ಒಳ್ಳೇದೋ, ಬೇರೆ ಆಗೋದು ಒಳ್ಳೇದೋ ಅಂತ ಕ್ಲಾಸಿನಲ್ಲಿ ಮಕ್ಕಳು ಕೇಳುತ್ತಲೇ ಇರುತ್ತಾರೆ. ಬರೀ ನಮ್ಮೂರಿನ ಉದಾಹರಣೆ ಸಾಲುವುದಿಲ್ಲ ಅನಿಸಿತು.

ವರದಾ ದಂಡೆ (ಹಾವೇರಿ):

ಮೇಡಂ, ನಾನು ಮಂಡಲ ಪಂಚಾಯ್ತಿ ಕಾಲದಿಂದ ನಿವೃತ್ತಿ ಆಗುವ ತನಕ ಪಂಚಾಯ್ತಿ ಕಾರ್ಯದರ್ಶಿ ಕೆಲಸ ಮಾಡಿದವನು. ಬೇರೆ ದೇಶದವರು ಊರ ಕಾರಭಾರ ಹೇಗೆ ನಡೆಸುತ್ತಾರೆ ಅಂತ ಓದುವುದು ನನಗೆ ಇಷ್ಟ. ಅದರಲ್ಲೂ ನಾರ್ವೆ ಅಂದರೆ ಜಾಸ್ತಿ ಇಷ್ಟ. ಸ್ವಲ್ಪ ಉದ್ದ ಬರೆಯುತ್ತೇನೆ.

1837ರ ಜನವರಿ 14ರಂದು ಅಲ್ಲಿ ಸ್ಥಳೀಯ ಆಡಳಿತದ ಕಾಯ್ದೆ ಬಂತು. ಆಗ ಸ್ವೀಡನ್ನಿನ ರಾಜನೇ ನಾರ್ವೆಗೂ ರಾಜ. ಆದರೂ ಊರ ಕೆಲಸವನ್ನು ಊರವರು ಆರಿಸಿದ ಸಭೆಗೆ ಬಿಟ್ಟುಕೊಟ್ಟರು. ಹೊಸ ಗಡಿ ಹಾಕುತ್ತ ಕೂಡಲಿಲ್ಲ. ಒಬ್ಬ ಪಾದ್ರಿಯ ವ್ಯಾಪ್ತಿಗೆ ಎಷ್ಟು ಊರು ಬರುತ್ತಿದ್ದವೋ ಅಷ್ಟಕ್ಕೆ ಒಂದು ಕೊಮ್ಮೂನೆ. ಬಡವರ ಪೋಷಣೆ, ಶಾಲೆ, ಇಂಥವು ಅದರ ಕೆಲಸ. ನಮ್ಮಲ್ಲಿ ಕಂಪನಿ ಸರ್ಕಾರದ 1850ರ ಕಾಯ್ದೆಯಡಿ ಹುಬ್ಬಳ್ಳಿಗೆ 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ ಮುನ್ಸಿಪಾಲ್ಟಿ ಬಂತು. ಕಾಲ ಹೆಚ್ಚೂಕಮ್ಮಿ ಒಂದೇ. ಆದರೆ ಇಲ್ಲಿ ಸದಸ್ಯರನ್ನು ಸರ್ಕಾರವೇ ನೇಮಿಸುತ್ತಿತ್ತು.

ಹಾಗಂತ ಅಲ್ಲಿ ಎಲ್ಲರಿಗೂ ಓಟು ಇತ್ತು ಅಂತಲ್ಲ. ಭೂಮಿ ಇಲ್ಲದ ಮೀನುಗಾರನಿಗೆ ಇರಲಿಲ್ಲ. ಹೆಂಗಸರಲ್ಲಿ ತೆರಿಗೆ ಲೆಕ್ಕಕ್ಕೆ ಬರುವವರಿಗೆ 1901ರಲ್ಲಿ ಸ್ಥಳೀಯ ಓಟು ಸಿಕ್ಕಿತು, ಎಲ್ಲರಿಗೂ 1910ರಲ್ಲಿ. ಸಂಸತ್ತಿಗೆ ಓಟು ಹಾಕುವ ಹಕ್ಕು ಎಲ್ಲ ಹೆಂಗಸರಿಗೂ ಸಿಕ್ಕಿದ್ದು 1913ರಲ್ಲಿ. ಊರ ಸಭೆಯ ಬಾಗಿಲು ಮೊದಲು ತೆರೆಯಿತು ನೋಡಿ. ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ.

ಈಗ ನಿಮ್ಮ ದ್ವೀಪ. 1838ರಲ್ಲಿ ಹಿತ್ರಾ, ಫ್ರೋಯಾ ಎಂಬ ಎರಡು ದೊಡ್ಡ ದ್ವೀಪ, ಸುತ್ತಲಿನ ಸಾವಿರಾರು ಸಣ್ಣ ನಡುಗಡ್ಡೆ, ಎಲ್ಲ ಸೇರಿ ಒಂದೇ ಹಿತ್ರಾ ಕೊಮ್ಮೂನೆ. 1877ರಲ್ಲಿ ಫ್ರೋಯಾ ಬೇರೆಯಾಯಿತು. 1886ರಲ್ಲಿ ಫಿಲ್ಲಾನ್ ಹೊರಬಂತು. 1906ರಲ್ಲಿ ಫ್ರೋಯಾ ತಾನೇ ಎರಡಾಯಿತು, ದಕ್ಷಿಣಕ್ಕೆ ಸೋರ್ ಫ್ರೋಯಾ, ಉತ್ತರಕ್ಕೆ ನೂರ್ ಫ್ರೋಯಾ. ಆಮೇಲೆ 1913ರಲ್ಲಿ ಕ್ವೆನ್‌ವಾರ್, 1914ರಲ್ಲಿ ಸಾನ್‌ಸ್ಟಾಡ್. ಒಂದಿದ್ದದ್ದು ಆರಾಯಿತು!

ಯಾಕೆ ಅಂದರೆ, ಸಮುದ್ರ. ಸಭೆಗೆ ಹೋಗಬೇಕಾದರೂ ದೋಣಿ, ಅರ್ಜಿ ಕೊಡಬೇಕಾದರೂ ದೋಣಿ. ಆ ಸಮುದ್ರ ಎಂಥದ್ದು ಅಂತ ತಿಳಿಯಲು ತಿತ್ರಾನ್ ಅನ್ನೋ ಊರಿನ ಹೆಸರು ಸಾಕು. ಫ್ರೋಯಾದ ಪಶ್ಚಿಮದ ತುದಿ ಅದು. 1899ರ ಅಕ್ಟೋಬರ್ 13ರ ರಾತ್ರಿ ಎದ್ದ ಬಿರುಗಾಳಿಗೆ ಆ ಊರಿನ ಹೊರಗಿನ ಸಮುದ್ರದಲ್ಲಿ 140 ಮೀನುಗಾರರು ಸತ್ತರು, ಬೇರೆ ಬೇರೆ ಕಡೆಯಿಂದ ಹೆರ್ರಿಂಗ್ ಮೀನಿಗೆ ಬಂದಿದ್ದವರು. ಇಂಥ ಕಡೆ ಗಂಡನನ್ನು ಕಳೆದುಕೊಂಡವಳಿಗೆ ನೆರವು ಕೊಡಬೇಕಾದದ್ದು ಅವಳ ಕೊಮ್ಮೂನೆ. ಎಷ್ಟು ಕೊಡಬೇಕು ಅಂತ ತೀರ್ಮಾನಿಸುವವರು ಅವಳ ಮನೆ ನೋಡಿದವರಾಗಿರಬೇಕು ಅಲ್ವಾ? ಸಣ್ಣ ಕೊಮ್ಮೂನೆಯ ದೊಡ್ಡ ಗುಣ ಇದೇ ಅಂತ ನನ್ನ ನಂಬಿಕೆ. ನಮ್ಮ ಕಡೆ ಪಿಂಚಣಿ ಅರ್ಜಿ ಹಿಡಿದು ಬರುತ್ತಿದ್ದ ಮುದುಕಿಯರನ್ನು ನೋಡಿ ನೋಡಿ ಬಂದ ನಂಬಿಕೆ ಇದು. ಯಾರ ಮನೆಯಲ್ಲಿ ಏನಿದೆ ಅಂತ ಗೊತ್ತಿದ್ದ ಸದಸ್ಯ ಪಕ್ಕದಲ್ಲಿದ್ದರೆ ಕಾಗದದ ಕೆಲಸ ಅರ್ಧ ಆಗಿಹೋಗುತ್ತಿತ್ತು.

ಕೂಡಿಸಿದ ಕಥೆ ಯುದ್ಧದ ನಂತರದ್ದು. ಜರ್ಮನರ ಹಿಡಿತದ ಕಾಲದಲ್ಲಿ ಚುನಾಯಿತ ಸಭೆಗಳನ್ನೇ ತೆಗೆದು ಹಾಕಿದ್ದರು. 1945ರಲ್ಲಿ ಮತ್ತೆ ಚುನಾವಣೆ ಆಯಿತು. 1946ರಲ್ಲಿ ನಿಕೊಲಾಯ್ ಶೈ ಎಂಬ ಅಧಿಕಾರಿಯ ಸಮಿತಿ ಕೂತಿತು. ಆಗ ದೇಶದಲ್ಲಿ 744 ಕೊಮ್ಮೂನೆ ಇದ್ದವು. ಸಮಿತಿಯ ಕೆಲಸ ಮುಗಿದು 1967ರ ಹೊತ್ತಿಗೆ ಉಳಿದದ್ದು 454. ಆ ಆರರ ಪೈಕಿ ಫ್ರೋಯಾದ ಎರಡು ಸೇರಿ ಒಂದು, ಹಿತ್ರಾ ಕಡೆಯ ನಾಲ್ಕು ಸೇರಿ ಒಂದು. ಎರಡೂ 1964ರ ಜನವರಿ 1ಕ್ಕೆ. ಆ ಅಜ್ಜಿ ಹೇಳಿದ್ದು ಸರಿಯಾಗಿಯೇ ಇದೆ.

ಬೆಟಗೇರಿ ಮಗ್ಗ (ಗದಗ):

ವರದಾ ದಂಡೆ ಸರ್, ಚೆಂದ ಬರೆದಿದ್ದೀರಿ. ಆದರೆ ಕೂಡಿಸಿದ್ದರ ಪರವಾಗಿ ನೀವು ಒಂದು ಮಾತೂ ಹೇಳಲಿಲ್ಲ. ನಾರ್ವೆಯಲ್ಲಿ ಏಳು ವರ್ಷದ ಕಡ್ಡಾಯ ಶಾಲೆಯನ್ನು ಒಂಬತ್ತು ವರ್ಷ ಮಾಡಲು ಹೊರಟದ್ದು ಅದೇ ಹೊತ್ತಿಗೆ. ಮೇಲಿನ ತರಗತಿ ನಡೆಸಲು ಮಕ್ಕಳು ಬೇಕು, ಬೇರೆ ಬೇರೆ ವಿಷಯದ ಮಾಸ್ತರರು ಬೇಕು, ಕಟ್ಟಡ ಬೇಕು. ಕೆಲವೇ ನೂರು ಮನೆಗಳ ತೆರಿಗೆಯಲ್ಲಿ ಇದೆಲ್ಲ ಎಲ್ಲಿಂದ ಆಗಬೇಕು? ಮನೆ ನೋಡಿದ ಸದಸ್ಯ ಒಳ್ಳೆಯವನೇ ಇರಬಹುದು. ತಿಜೋರಿ ಖಾಲಿ ಇದ್ದರೆ ಅವನು ಬರೀ ಸಮಾಧಾನ ಹೇಳಬಹುದು. ನಾನು ಗದಗ-ಬೆಟಗೇರಿ ಜೋಡಿ ಊರಿನವನು. ಎರಡಕ್ಕೂ ಒಂದೇ ನಗರಸಭೆ ಇರೋದರಿಂದ ಬೆಟಗೇರಿಯ ಹೆಸರೇನೂ ಅಳಿದಿಲ್ಲ.

ವರದಾ ದಂಡೆ (ಹಾವೇರಿ):

ಶಾಲೆಯ ಮಾತು ಪೂರ್ತಿ ಒಪ್ಪುತ್ತೇನೆ, ತಮ್ಮಾ. ದುಡ್ಡಿಲ್ಲದ ಸಭೆ ನಡೆಸಿದವನಿಗೆ ಅದರ ಸಂಕಟ ಗೊತ್ತು. ನಮ್ಮಲ್ಲಿ ನಡೆದದ್ದು ಅವರ ಉಲ್ಟಾ. ಪಂಚಾಯ್ತಿ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲದ ಮಂಡಲ ಪಂಚಾಯ್ತಿಗೆ 8,000ದಿಂದ 12,000 ಜನ. 1993ರ ಕಾಯ್ದೆ ಅದನ್ನು 5,000ದಿಂದ 7,000ದ ಗ್ರಾಮ ಪಂಚಾಯ್ತಿ ಮಾಡಿತು. ಜನಕ್ಕೆ ಕಚೇರಿ ಹತ್ತಿರ ಆಯಿತು, ನನಗೆ ಖುಷಿಯೇ ಆಯಿತು. ಆದರೆ ಶಾಲೆ ನಮ್ಮ ಕೈಯಲ್ಲಿ ಇರಲಿಲ್ಲ, ಮಾಸ್ತರರ ಪಗಾರ ನಮ್ಮ ಕೈಯಲ್ಲಿ ಇರಲಿಲ್ಲ. ನಾರ್ವೆಯಲ್ಲಿ ಸಣ್ಣದೇ ಇರಲಿ ದೊಡ್ಡದೇ ಇರಲಿ, ಪ್ರಾಥಮಿಕ ಶಾಲೆಯ ಮಾಸ್ತರು ಕೊಮ್ಮೂನೆಯ ನೌಕರ. ಮುದುಕರ ಆರೈಕೆ, ಶಿಶುವಿಹಾರ, ಕುಡಿಯುವ ನೀರು ಅದರದ್ದೇ. ಜನ ಕಟ್ಟುವ ಆದಾಯ ತೆರಿಗೆಯಲ್ಲಿ ಒಂದು ಪಾಲು ನೇರವಾಗಿ ಅದಕ್ಕೆ. ಉಳಿದದ್ದಕ್ಕೆ ಕೇಂದ್ರದ ಅನುದಾನ. ಮೇಡಂ, ಮಕ್ಕಳು ಕೂಡೋದೋ ಬೇರೆಯೋ ಅಂತ ಕೇಳಿದರೆ, ಪಾಲಿಕೆಯ ಕೈಯಲ್ಲಿ ಯಾವ ಕೆಲಸ ಇದೆ, ಯಾವ ದುಡ್ಡು ಇದೆ ಅಂತ ಮೊದಲು ಬೋರ್ಡಿನ ಮೇಲೆ ಬರೆಸಿ. ಧಾರವಾಡಕ್ಕೂ ಅದೇ ಪ್ರಶ್ನೆ ಕೇಳಬೇಕು.

ಉಣಕಲ್ ಕೆರೆ (ಹುಬ್ಬಳ್ಳಿ, ಈಗ ತ್ರೋನ್‌ಹೈಮ್):

ಫ್ರೋಯಾಕ್ಕೆ ಹೋಗಿ ಬಂದಿದ್ದೇನೆ. ಈಗ ದೋಣಿ ಬೇಡ. ಹಿತ್ರಾಕ್ಕೆ ಸಮುದ್ರದ ಅಡಿಯ ಸುರಂಗ 1994ರಲ್ಲಿ, ಅಲ್ಲಿಂದ ಫ್ರೋಯಾಕ್ಕೆ ಇನ್ನೊಂದು 2000ದಲ್ಲಿ ಆಯಿತು. ಕಾರಿನಲ್ಲೇ ಹೋಗಬಹುದು. ಮೊದಲನೆಯದು ಸಮುದ್ರ ಮಟ್ಟದಿಂದ 264 ಮೀಟರ್ ಕೆಳಗೆ ಇಳಿಯುತ್ತದೆ.

ದ್ವೀಪದ ಬದುಕೂ ಬದಲಾಗಿದೆ. 1970ರಲ್ಲಿ ಹಿತ್ರಾದಲ್ಲಿ ಗ್ರೋಂಟ್ವೆಟ್ ಸಹೋದರರು ಸಮುದ್ರದಲ್ಲೇ ಬಲೆಪಂಜರ ಕಟ್ಟಿ ಸಾಲ್ಮನ್ ಸಾಕಲು ಶುರು ಮಾಡಿದರು. ಈಗ ದೊಡ್ಡ ಸಾಲ್ಮನ್ ಕಂಪನಿಯೊಂದರ ಮುಖ್ಯ ಕಚೇರಿಯೇ ಫ್ರೋಯಾದಲ್ಲಿದೆ. ಸಾಲ್ಮನ್ ಸಾಕಣೆಯ ಪರವಾನಗಿ ಮಾರಿದ ದುಡ್ಡಿನಲ್ಲಿ ಕರಾವಳಿಯ ಕೊಮ್ಮೂನೆಗಳಿಗೆ ಪಾಲು ಬರುತ್ತದೆ. ಹಾಗಾಗಿ 5,000ಕ್ಕಿಂತ ತುಸು ಜಾಸ್ತಿ ಜನರ ಫ್ರೋಯಾ ತನ್ನ ಕಾಲ ಮೇಲೆ ನಿಂತಿದೆ. 2020ರಲ್ಲಿ ಸರ್ಕಾರ ಮತ್ತೊಂದು ಸುತ್ತು ಕೂಡಿಸಿ 356ಕ್ಕೆ ಇಳಿಸಿದಾಗಲೂ ಹಿತ್ರಾ, ಫ್ರೋಯಾ ಬೇರೆ ಬೇರೆಯೇ ಉಳಿದವು.

ಕೂಡಿಸಿದ್ದೆಲ್ಲ ಕೂಡಿಯೇ ಇರುತ್ತದೆ ಅಂತಲೂ ಇಲ್ಲ. ಪಶ್ಚಿಮ ಕರಾವಳಿಯ ಹಾರಾಮ್ ಕೊಮ್ಮೂನೆಯನ್ನು 2020ರಲ್ಲಿ ಓಲೆಸುಂಡ್‌ಗೆ ಸೇರಿಸಿದರು. ಜನ ಬಿಡಲಿಲ್ಲ. 2024ರ ಜನವರಿ 1ಕ್ಕೆ ಹಾರಾಮ್ ಮತ್ತೆ ಬೇರೆ ಆಯಿತು. ಈಗ ಒಟ್ಟು 357.

ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಸಭೆಯೊಳಗಿಂದ ಆರಿಸುವ ಫಾರ್ಮನ್‌ಸ್ಕಾಪ್ ಅಂತ ಒಂದು ಸಣ್ಣ ಸಮಿತಿ ಇರುತ್ತದೆ. ಬಜೆಟ್ಟಿನ ಪ್ರಸ್ತಾವ ಅಲ್ಲೇ ತಯಾರಾಗುವುದು. ಅದರಲ್ಲಿ ಪಕ್ಷಗಳ ಬಲಕ್ಕೆ ತಕ್ಕಂತೆ ಸೀಟು. ಸೋತ ಪಕ್ಷದವರೂ ಒಳಗೇ ಕೂತು ಲೆಕ್ಕ ನೋಡುತ್ತಾರೆ. ಓರ್ಡ್‌ಫೋರರ್, ಅಂದರೆ ಮೇಯರ್, ನಾಲ್ಕು ವರ್ಷ ಇರುತ್ತಾರೆ. ನಮ್ಮ ಪಾಲಿಕೆಯ ಒಂದು ವರ್ಷದ ಮೇಯರ್ ಅವಧಿಯಲ್ಲಿ ಕೆಲಸ ಕಲಿಯುವ ಹೊತ್ತಿಗೆ ಅವಧಿಯೇ ಮುಗಿಯುತ್ತದೆ.

ಸಾಧನಕೇರಿ ಟೀಚರ್ (ಧಾರವಾಡ):

ಎಲ್ಲರಿಗೂ ತುಂಬಾ ಧನ್ಯವಾದ. ಹಾರಾಮ್ ವಿಷಯ ನಾಳೆಯೇ ಕ್ಲಾಸಿನಲ್ಲಿ ಹೇಳುತ್ತೇನೆ. ಉಣಕಲ್ ಕೆರೆಯವರೇ, ಹಳೆಯ ಸೋರ್ ಫ್ರೋಯಾದ ಜನರ ಬಗ್ಗೆ ಮಗಳು ಒಂದು ಸಣ್ಣ ಪ್ರಬಂಧ ಬರೆಯಬೇಕು ಅನ್ನುತ್ತಿದ್ದಾಳೆ. ದಾಖಲೆ ಎಲ್ಲಿ ಸಿಗುತ್ತದೆ?

ಉಣಕಲ್ ಕೆರೆ (ಹುಬ್ಬಳ್ಳಿ, ಈಗ ತ್ರೋನ್‌ಹೈಮ್):

ಅಕ್ಕಾ, ಆಕೆ ಇರುವ ಊರಿನಲ್ಲೇ ಡೋರಾ ಅಂತ ಇದೆ. ಯುದ್ಧಕಾಲದಲ್ಲಿ ಜರ್ಮನರು ಜಲಾಂತರ್ಗಾಮಿಗಳಿಗೆ ಕಟ್ಟಿಸಿದ ಕಾಂಕ್ರೀಟ್ ಕಟ್ಟಡ, ಈಗ ಅದರಲ್ಲಿ ದಾಖಲೆ ಭಂಡಾರ. ಅಲ್ಲಿಗೆ ಹೋಗುವ ಮೊದಲು ಡಿಜಿಟಲ್‌ಆರ್ಕೀವೆಟ್ ಎಂಬ ಸರ್ಕಾರಿ ತಾಣ ನೋಡಲಿ. ಹಳೆಯ ಜನಗಣತಿಗಳು ಮನೆಮನೆಯ ಹೆಸರಿನ ಸಮೇತ ಪುಕ್ಕಟೆ ಸಿಗುತ್ತವೆ. 1900ರ ಗಣತಿಯ ಹೊತ್ತಿಗೆ ಫ್ರೋಯಾ ಇನ್ನೂ ಒಂದೇ. 1910ರ ಹೊತ್ತಿಗೆ ಎರಡು. ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ತಿತ್ರಾನ್‌ನಿಂದ ಶುರು ಮಾಡಲಿ.