ಸಹಾಯ ಬೇಕು: ಟೇಬಲ್‌ನ ಕಾಲಂ ಬದಲಾಗಿ ಪವರ್ ಬಿಐ ಮಾಡೆಲ್ ಕೆಟ್ಟಿದೆ

ಎಲ್ಲರಿಗೂ ನಮಸ್ಕಾರ. ಹಾಲು ಸಂಗ್ರಹಣೆಯ ಲೆಕ್ಕ ತೋರಿಸುವ ಪವರ್ ಬಿಐ (ಡೇಟಾದಿಂದ ವರದಿ ತಯಾರಿಸುವ ಸಾಧನ) ವರದಿಯೊಂದು ನನ್ನ ಕೊರಳಿಗೆ ಬಿದ್ದಿದೆ. ಡೇಟಾ ಬರುವುದು ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್‌ನಿಂದ, ಇಂಪೋರ್ಟ್ ವಿಧಾನದಲ್ಲಿ (ಅಂದರೆ ಡೇಟಾದ ಪ್ರತಿ ವರದಿಯೊಳಗೇ ಬಂದು ಕೂರುತ್ತದೆ). ಹೋದ ವಾರ ಹಾಲು ಸಂಗ್ರಹಣೆಯ ತಂತ್ರಾಂಶ ನವೀಕರಿಸಿದವರು ಯಾರಿಗೂ ಒಂದು ಮಾತು ಹೇಳದೆ ಟೇಬಲ್‌ನ ಕಾಲಂಗಳನ್ನು ಬದಲಾಯಿಸಿದ್ದಾರೆ. ‘ಲೀಟರ್’ ಇದ್ದದ್ದು ‘ಪ್ರಮಾಣ’ವಾಗಿದೆ. ‘ದಿನಾಂಕ’, ‘ಸರದಿ’ (ಬೆಳಿಗ್ಗೆಯೋ ಸಂಜೆಯೋ) ಎರಡೂ ಸೇರಿ ‘ಸಮಯ’ ಎಂಬ ಒಂದೇ ಕಾಲಂ ಆಗಿವೆ.

ರಿಫ್ರೆಶ್ ಒತ್ತಿದರೆ ‘ಲೀಟರ್’ ಕಾಲಂ ಸಿಗಲಿಲ್ಲ ಎಂಬ ದೋಷ. ಪವರ್ ಕ್ವೆರಿಯಲ್ಲಿ (ಡೇಟಾ ಒಳಬರುವಾಗ ಅದನ್ನು ತಿದ್ದುವ ಭಾಗ) ನೋಡಿದಾಗ, ಕಾಲಂಗಳ ಬಗೆ ಗೊತ್ತುಮಾಡುವ ‘ಚೇಂಜ್ಡ್ ಟೈಪ್’ ಹಂತ ಹಳೆಯ ಹೆಸರನ್ನೇ ಹಿಡಿದು ಕುಳಿತಿತ್ತು. ಅಲ್ಲಿ ಹೊಸ ಹೆಸರು ಬರೆದು ಅಪ್ಲೈ ಮಾಡಿದೆ. ಮಾಡಬಾರದಿತ್ತು! ಹಳೆಯ ಕಾಲಂ ಅಳಿದು ಹೊಸದೊಂದು ಬಂದಂತಾಗಿ, 14 ಡ್ಯಾಕ್ಸ್ ಮೆಷರ್‌ಗಳು (ವರದಿಯ ಲೆಕ್ಕದ ಸೂತ್ರಗಳು) ಕೆಟ್ಟವು, ಕ್ಯಾಲೆಂಡರ್ ಟೇಬಲ್ ಜೊತೆಗಿನ ಸಂಬಂಧವೂ ಹೋಯಿತು. ಪುಣ್ಯಕ್ಕೆ ಸೇವ್ ಮಾಡಿರಲಿಲ್ಲ. ಫೈಲ್ ಮುಚ್ಚಿ ನಿಟ್ಟುಸಿರು ಬಿಟ್ಟೆ.

ಈಗಿನ ಯೋಚನೆ: ‘ಸಮಯ’ವನ್ನು ಒಡೆದು, ಎಲ್ಲಕ್ಕೂ ಹಳೆಯ ಹೆಸರನ್ನೇ ಮರಳಿ ಕೊಡುವುದು. ಆಗ ಮಾಡೆಲ್‌ಗೆ (ವರದಿಯ ಟೇಬಲ್, ಸಂಬಂಧ, ಸೂತ್ರಗಳ ಜೋಡಣೆಗೆ) ಏನೂ ಗೊತ್ತಾಗುವುದಿಲ್ಲ. ಇದನ್ನು ಪವರ್ ಕ್ವೆರಿಯಲ್ಲೇ ಮಾಡಲೇ, ಸರ್ವರ್‌ನಲ್ಲಿ ಒಂದು ವ್ಯೂ (ಟೇಬಲ್‌ನಂತೆಯೇ ಓದಬಹುದಾದ, ಉಳಿಸಿಟ್ಟ ಕ್ವೆರಿ) ಬರೆಸಲೇ? ನನ್ನ ಒಲವು ವ್ಯೂ ಕಡೆಗೆ. ಮುಂದಿನ ಸಲ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು.

ನಿಜವಾದ ತಲೆನೋವು ಬೇರೆ. ಒಬ್ಬ ರೈತರ ಚೀಟಿಯಲ್ಲಿ 10 ಲೀಟರ್ ಇದ್ದರೆ ಟೇಬಲ್‌ನಲ್ಲಿ 10.3 ಇದೆ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ, ಅಂದರೆ ‘ಪ್ರಮಾಣ’ ಕಿಲೋ ಲೆಕ್ಕದಲ್ಲಿದೆ! ಹಳೆಯ ಸಾಲುಗಳು ಮಾತ್ರ ಲೀಟರ್‌ನಲ್ಲೇ ಉಳಿದಿವೆ. ಬದಲಾದ ದಿನದಿಂದಾಚೆಗಿನ ಸಾಲುಗಳನ್ನಷ್ಟೇ 1.03ರಿಂದ ಭಾಗಿಸಿದರೆ ಸಾಕೇ, ಅಥವಾ ಅಳತೆಗೆಂದೇ ಪ್ರತ್ಯೇಕ ಕಾಲಂ ಕೇಳಲೇ? ಇಂಥದ್ದನ್ನು ನಿಭಾಯಿಸಿದವರು ದಯವಿಟ್ಟು ತಿಳಿಸಿ. ಸೋಮವಾರ ವರದಿ ಕೊಡಬೇಕು.