ರಾಡಿಗೆ ಹೋಗೋ ದಾರ್‍ಯಾಗ 18 ವೋಲ್ಟ್ ಎಲ್ಲಿ ಹೋದವು?

ಪ್ರಶ್ನೆ (ಭಾಲ್ಕಿ): ಸರ್, ನಮಸ್ಕಾರ್ರಿ. ಮನಿ ಹಿಂದಿನ ಬಚ್ಚಲಿಗೆ ಮೇನ್ ಬೋರ್ಡಿನಿಂದ 40 ಮೀಟರ್ ವೈರ್ ಎಳದೀವಿ, 1 ಎಂಎಂ ತಾಮ್ರದ್ದು. 1500 ವ್ಯಾಟಿನ ನೀರು ಕಾಸೋ ರಾಡ್ ಹಾಕಿದ್ರ ಬಕೆಟ್ ಕಾಯಲಿಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡೀಲತದ. ಪ್ಲಗ್ ಬಿಸಿ ಆಗತದ, ಆದ್ರ ಎಂಸಿಬಿ (ಬೋರ್ಡಿನಾಗ ತಾನಾಗೇ ಬೀಳೋ ಸ್ವಿಚ್ಚು) ಬೀಳಲ್ಲ. ರಾಡ್ ಚಾಲೂ ಇದ್ದಾಗ ಬೋರ್ಡಿನಾಗ 226 ವೋಲ್ಟ್, ಬಚ್ಚಲದಾಗ 208, ವೈರಿನ ಸುತ್ತ ಹಿಡಿಯೋ ಕ್ಲ್ಯಾಂಪ್ ಮೀಟರಿನಾಗ 5.9 ಆಂಪ್. ಬಂದ್ ಮಾಡಿದ್ರ ಎರಡೂ ಕಡಿ 228. ರಾಡ್ ಕೆಟ್ಟದೇನ್ರಿ?

ಉತ್ತರ (ಎಲೆಕ್ಟ್ರಿಷಿಯನ್, ಕಲಬುರಗಿ): ರಾಡ್ ಕೆಟ್ಟಿಲ್ಲ, ನಿಮ್ಮ ಅಂಕಿಗಳೇ ಹೇಳ್ತಾವ. ರಾಡಿನ ಮೇಲೆ 230 ವೋಲ್ಟ್, 1500 ವ್ಯಾಟ್ ಅಂತ ಬರೆದಿದ್ದರೆ ಅದರ ರೋಧ 230 × 230 ÷ 1500, ಅಂದ್ರೆ 35.3 ಓಮ್. ನೀವು ಅಳೆದದ್ದು 208 ÷ 5.9, ಅದೂ 35.3. ಆದರೆ ಈಗ ಅದಕ್ಕೆ ಸಿಗುತ್ತಿರುವುದು 208 × 5.9 = 1227 ವ್ಯಾಟ್ ಮಾತ್ರ. 15 ಲೀಟರ್ ನೀರನ್ನು 30 ಡಿಗ್ರಿ ಏರಿಸಲು 21 ನಿಮಿಷ ಸಾಕಿತ್ತು, ಈಗ 25ರ ಮೇಲಾಗುತ್ತದೆ.

ಬೋರ್ಡಿನಿಂದ ಪ್ಲಗ್ಗಿನವರೆಗೆ 18 ವೋಲ್ಟ್ ಬೀಳ್ತದ. 18 ÷ 5.9 ಅಂದ್ರೆ ದಾರಿಯಲ್ಲಿ 3.05 ಓಮ್ ಕೂತದ. ಇದರಲ್ಲಿ ವೈರಿನ ಪಾಲೆಷ್ಟು? 1 ಎಂಎಂ, ಅಂದ್ರೆ 1 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ವೈರಿಗೆ ಕಿಲೋಮೀಟರಿಗೆ 18ರಿಂದ 19.5 ಓಮ್. ಹೋಗಿ ಬರೋದು ಸೇರಿ 80 ಮೀಟರ್ (ಈ ದುಪ್ಪಟ್ಟನ್ನು ಮರೆಯೋರೇ ಜಾಸ್ತಿ), ಅಂದ್ರೆ ಒಂದೂವರೆ ಓಮ್ ಸುಮಾರು. ಉಳಿದ ಒಂದೂವರೆ ಓಮ್ ವೈರಿನದ್ದಲ್ಲ. ಯಾವುದೋ ಜಾಯಿಂಟ್, ಸಡಿಲ ಸ್ಕ್ರೂ, ಇಲ್ಲಾ ಪ್ಲಗ್ಗಿನ ಪಿನ್ನು. ಅಲ್ಲಿ ಸುಡೋದು 5.9 × 5.9 × 1.5, ಅಂದ್ರೆ 52 ವ್ಯಾಟ್. 25 ವ್ಯಾಟಿನ ಎರಡು ಸೋಲ್ಡರಿಂಗ್ ಐರನ್ ಒಂದೇ ಬೆರಳಗಲ ಜಾಗದಲ್ಲಿ ಇಟ್ಟಂಗ.

ಎಂಸಿಬಿ ಯಾಕ ಬೀಳಲ್ಲ ಅಂದ್ರೆ ಅದು ನೋಡೋದು ಆಂಪ್ ಮಾತ್ರ. 5.9 ಆಂಪ್ ಅದಕ್ಕೆ ಏನೂ ಅಲ್ಲ. ಜಾಯಿಂಟ್ ಕರಗಿ ಫೇಸ್-ನ್ಯೂಟ್ರಲ್ ಅಂಟಿದಾಗಷ್ಟೇ ಅದಕ್ಕೆ ಗೊತ್ತಾಗೋದು.

ಈಗ ದಾರಿಯಲ್ಲಿ ಎಲ್ಲೆಲ್ಲಿ ಜೋಡಣೆ ಅದ ನೋಡ್ರಿ. ಎಂಸಿಬಿ ಬಂದ್ ಮಾಡಿ ಟೇಪ್ ಬಿಚ್ಚಿ, ಮತ್ತೆ ಚಾಲೂ ಮಾಡಿ, ರಾಡ್ ನೀರಿನಲ್ಲಿ ಇರುವಾಗಲೇ ಜೋಡಣೆಯ ಆಚೆ ಈಚೆ ಫೇಸ್-ನ್ಯೂಟ್ರಲ್ ವೋಲ್ಟೇಜ್ ತೊಗೊಳ್ರಿ. ರಾಡ್ ಬಂದ್ ಇದ್ದಾಗ ಅಳೆದರೆ ಉಪಯೋಗ ಇಲ್ಲ: ಆಂಪ್ ಹರೀಲಿಲ್ಲ ಅಂದ್ರೆ ವೋಲ್ಟ್ ಬೀಳಲ್ಲ, ಅದಕ್ಕೇ ನಿಮಗೆ ಎರಡೂ ಕಡಿ 228 ಬಂತು. ಈ ಕೆಲಸ ಬಲ್ಲವರು ಮಾತ್ರ ಮಾಡಬೇಕು, ಹಸಿ ನೆಲದ ಮೇಲೆ ನಿಂತು ಬೇಡ.

ಪ್ರಶ್ನೆ (ಭಾಲ್ಕಿ): ಅಡಿಗಿಮನಿ ಗ್ವಾಡಿ ಹತ್ರ ಒಂದು ಜೋಡಣೆ ಸಿಕ್ತ್ರಿ. ಅದರ ಮೊದಲ 221, ಆಮ್ಯಾಲ 212. ವೈರ್ ಹೊಸೆದು ಟೇಪ್ ಸುತ್ತ್ಯಾರ, ತಾಮ್ರ ಕರ್‍ರಗ ಆಗ್ಯದ.

ಉತ್ತರ: ಅದೇ. 9 ವೋಲ್ಟ್ × 5.9 = 53 ವ್ಯಾಟ್, ಲೆಕ್ಕಕ್ಕೆ ಕೂಡಿತು. ಕಪ್ಪಾದ ತುದಿಯನ್ನು ಬಿಗಿ ಮಾಡಿ ಮತ್ತೆ ಟೇಪ್ ಸುತ್ತಬೇಡ್ರಿ; ಕಪ್ಪು ಪದರಿಗೇ ರೋಧ ಅದ, ಬಿಸಿಯಾದಷ್ಟೂ ಅದು ಬೆಳೀತದ. ಜೋಡಣೆಯೇ ಇಲ್ಲದಂತೆ 2.5 ಎಂಎಂ ವೈರ್ ಒಂದೇ ಉದ್ದ ಎಳೀರಿ. ಕಿಲೋಮೀಟರಿಗೆ 7.4 ಓಮ್, 80 ಮೀಟರಿಗೆ 0.6, ಬೀಳೋದು 4 ವೋಲ್ಟಿನೊಳಗೆ. ಮುಂದೆ 2000 ವ್ಯಾಟಿನ ಗೀಸರ್ ಕೂಡಿಸೋದಿದ್ದರೆ ಈಗಲೇ 4 ಎಂಎಂ ಹಾಕಿ ಬಿಡ್ರಿ. ಪ್ಲಗ್ 6 ಆಂಪಿನದ್ದಾಗಿದ್ದರೆ ಅದೂ ತಪ್ಪು: 1500 ÷ 230 = 6.5 ಆಂಪ್. 16 ಆಂಪಿನ ಸಾಕೆಟ್ಟು, ಅದಕ್ಕೊಪ್ಪುವ ಪ್ಲಗ್ಗು. ಬಚ್ಚಲ ಅಂದ ಮೇಲೆ ಅರ್ಥಿಂಗ್ ಮತ್ತು 30 ಮಿಲಿಆಂಪ್ ಸೋರಿದರೂ ಕರೆಂಟ್ ಕಡಿಯೋ ಆರ್‌ಸಿಸಿಬಿ ಇರಲೇಬೇಕು.

ಪ್ರಶ್ನೆ (ಬೀದರ್): ಹಂಗಾದ್ರ ಮಲ್ಟಿಮೀಟರಿನ ಓಮ್ ರೇಂಜಿನಾಗೇ ಅಳೀಬಹುದಲ್ರಿ? 100 ವ್ಯಾಟಿನ ಹಳೇ ಬಲ್ಬ್ ಅಳೆದ್ರ 40 ಓಮ್ ಬಂತು. ಲೆಕ್ಕ ಹಾಕಿದ್ರ 529!

ಉತ್ತರ: ಎರಡೂ ಸರಿ. ಬಲ್ಬಿನ ಟಂಗ್‌ಸ್ಟನ್ ತಂತಿ ಬೆಳಗುವಾಗ ಎರಡು ಸಾವಿರ ಡಿಗ್ರಿ ದಾಟ್ತದ, ರೋಧ ಹತ್ತು-ಹದಿನೈದು ಪಟ್ಟು ಏರ್ತದ. ರಾಡಿನೊಳಗಿನ ನಿಕ್ರೋಮ್ ತಂತಿ ಹಂಗಲ್ಲ, ಬಿಸಿಯಾದರೂ ನೂರಕ್ಕೆ ಕೆಲವೇ ಪಾಲು ಹೆಚ್ಚು. ಅದಕ್ಕೇ ರಾಡನ್ನು ಪ್ಲಗ್ಗಿನಿಂದ ತೆಗೆದು ಓಮ್ ನೋಡಿದರೆ ನಂಬಬಹುದು.

ಪ್ರಶ್ನೆ (ಶಹಾಪುರ): ನಮ್ಮ 5 ಎಚ್‌ಪಿ ತ್ರೀಫೇಸ್ ಪಂಪಿಂದು ಉಲ್ಟಾ ಅದ ನೋಡ್ರಿ. ವೋಲ್ಟೇಜ್ ಇಳಿದ್ರ ಆಂಪ್ ಇಳೀಬೇಕಲ್ಲ? ನಮ್ಮ ಮೀಟರ್ ಏರ್ಲತದ.

ಉತ್ತರ: ರಾಡಿನ ಲೆಕ್ಕ ಮೋಟರಿಗೆ ಹಚ್ಚಬಾರದು. ವೋಲ್ಟೇಜ್ ಕಡಿಮೆಯಾದರೆ ರಾಡು ಸುಮ್ಮನೆ ಕಡಿಮೆ ಕಾಯ್ತದ. ಪಂಪ್ ಹಂಗ ಬಿಡಲ್ಲ: ವೇಗ ಹೆಚ್ಚೂಕಡಿಮೆ ಅಷ್ಟೇ, ಎತ್ತೋ ನೀರೂ ಅಷ್ಟೇ, ಆದ್ದರಿಂದ ಬೇಕಾದ ವ್ಯಾಟನ್ನು ಆಂಪ್ ಹೆಚ್ಚಿಸಿಕೊಂಡು ಎಳೀತದ. 415 ವೋಲ್ಟಿನಲ್ಲಿ 8 ಆಂಪ್ ತೊಗೊಳ್ಳೋದು 345ಕ್ಕೆ ಇಳಿದಾಗ 9.6 ಸುಮಾರು. ವೈಂಡಿಂಗಿನ (ಮೋಟರಿನೊಳಗಿನ ತಂತಿ ಸುರುಳಿ) ಬಿಸಿ ಆಂಪಿನ ವರ್ಗದ ಮೇಲೆ ಹೋಗ್ತದ: 1.2 × 1.2 = 1.44, ಅಂದ್ರೆ ನೂರಕ್ಕೆ 44 ಪಾಲು ಹೆಚ್ಚು.

ವ್ಯಾಟ್ ಬೇಕಿದ್ದರೆ 1.732 × 415 × 8 × ಪವರ್ ಫ್ಯಾಕ್ಟರ್ (ವೋಲ್ಟ್-ಆಂಪ್ ಗುಣಾಕಾರದಲ್ಲಿ ನಿಜವಾಗಿ ವ್ಯಾಟ್ ಆಗೋ ಪಾಲು), ಅದನ್ನ 0.8 ಹಿಡಿದರೆ 4600 ವ್ಯಾಟ್. ಕ್ಲ್ಯಾಂಪ್ ಒಂದೊಂದೇ ವೈರಿಗೆ ಹಾಕ್ರಿ, ಮೂರನ್ನೂ ಒಟ್ಟಿಗೆ ಹಿಡಿದರೆ ಸೊನ್ನೆ ತೋರಿಸ್ತದ. ಓವರ್‌ಲೋಡ್ ರಿಲೇ (ಆಂಪ್ ಹೆಚ್ಚಾದರೆ ಮೋಟರ್ ಬಂದ್ ಮಾಡೋದು) ಪದೇ ಪದೇ ಬೀಳ್ತದ ಅಂತ ಅದರ ತಿರುಪು ಮೇಲೆ ಒಯ್ಯಬೇಡ್ರಿ. ಮೋಟರಿನ ಪಟ್ಟಿಯ ಮೇಲೆ ಬರೆದ ಆಂಪಿಗೇ ಇಡ್ರಿ, 345ರ ಕೆಳಗೆ ಹೋದಾಗ ಪಂಪ್ ಬಂದ್ ಮಾಡ್ರಿ.