ಮೊಮ್ಮಗಳ ಪ್ರಶ್ನೆ: ಅಮೆರಿಕದ ಅಧ್ಯಕ್ಷರಿಗೆ ಗವರ್ನರನ್ನ ತಗೀಲಿಕ್ಕೆ ಯಾಕ ಬರೂದಿಲ್ಲ?

ಬೆಟಗೇರಿ ಅಜ್ಜ, ಗದಗ

ಎಲ್ಲಾರಿಗೂ ನಮಸ್ಕಾರ್ರಿ. ನನ್ನ ಮಗ ನ್ಯೂಜೆರ್ಸಿಯೊಳಗ ಅದಾನ. ಮೊಮ್ಮಗಳು ಅಲ್ಲೇ ಹೈಸ್ಕೂಲ್ ಕಲೀತಾಳ, ಈಗ ರಜಾಕ್ಕ ಬಂದಾಳ. ಅಲ್ಲಿನ ಸರ್ಕಾರ, ಸಂವಿಧಾನದ ಪುಸ್ತಕಾನೂ ತಂದಾಳ. ದಿನಾ ಮುಂಜಾನೆ ಪಡಸಾಲ್ಯಾಗ ಕುಂತು ಓದತಾಳ, ನಾನು ಬಾಜೂಕ ಕುಂತು ಕೇಳತೀನಿ.

ಮೊನ್ನೆ ಪೇಪರಿನ್ಯಾಗ ರಾಜ್ಯಪಾಲರ ಫೋಟೋ ನೋಡಿ, "ಅಜ್ಜಾ, ನಿಮ್ಮ ಗವರ್ನರಗ ಎಷ್ಟು ಓಟು ಬಿದ್ದಿದ್ದವು?" ಅಂದಳು. ಓಟು ಇರೂದಿಲ್ಲವ್ವಾ, ದಿಲ್ಲಿಯಿಂದ ನೇಮಿಸಿ ಕಳಸತಾರ ಅಂದೆ. ಆಕಿ ನಂಬಲೇ ಇಲ್ಲ. ಆಗ 1989ರ ಕಥಿ ಹೇಳಿದೆ. ಹುಬ್ಬಳ್ಳಿ ಗ್ರಾಮೀಣದಿಂದ ಆರಿಸಿ ಬಂದ ನಮ್ಮ ಬೊಮ್ಮಾಯಿಯವರು ಮುಖ್ಯಮಂತ್ರಿ ಇದ್ರು. ಬಹುಮತ ಐತಿ, ಸದನದಾಗ ತೋರಸ್ತೀನಿ ಅಂದ್ರೂ ಕೇಳದ ಏಪ್ರಿಲ್ 21ಕ್ಕ ಸರ್ಕಾರ ವಜಾ ಮಾಡಿದ್ರು. "ನಮ್ಮಲ್ಲೆ ಪ್ರೆಸಿಡೆಂಟ್‌ಗ ಹಂಗ ಮಾಡಾಕ ಬರೂದಿಲ್ಲ" ಅಂದಳು. ಯಾಕ ಅಂದ್ರ, "ಪುಸ್ತಕದಾಗ ಹಂಗ ಬರದಾರ" ಅಂತಾಳ. ಅಷ್ಟಕ್ಕ ನನಗ ಸಮಾಧಾನ ಇಲ್ಲ, ಆಕಿಗೂ ಇಲ್ಲ. ಅಷ್ಟು ದೊಡ್ಡ ಸೈನ್ಯ ಕೈಯಾಗ ಇದ್ದಾವರಿಗೆ ಒಂದು ರಾಜ್ಯದ ಗವರ್ನರನ್ನ ಮುಟ್ಟಾಕ ಆಗೂದಿಲ್ಲಂದ್ರ ಕಾರಣ ಏನ್ರಿ? ಬಲ್ಲವರು ತಿಳಿಸ್ರಿ.

ಕಾನೂನು ವಿದ್ಯಾರ್ಥಿನಿ, ರಾಣೇಬೆನ್ನೂರು

ಅಜ್ಜಾರೇ, ಮೊದಲು ಆ "ಗವರ್ನರ್" ಅನ್ನೋ ಶಬ್ದಾನೇ ದಾರಿ ತಪ್ಪಿಸುತ್ತೆ. ಅಲ್ಲಿನ ಗವರ್ನರ್ ಅಂದ್ರೆ ನಮ್ಮ ಮುಖ್ಯಮಂತ್ರಿ ಜಾಗದಲ್ಲಿ ಇರೋರು. ರಾಜ್ಯದ ಜನ ನೇರವಾಗಿ ಓಟು ಹಾಕಿ ಆರಿಸ್ತಾರೆ. ನಮ್ಮ ರಾಜ್ಯಪಾಲರಂಥ ಹುದ್ದೆ ಅಲ್ಲಿ ಇಲ್ಲವೇ ಇಲ್ಲ.

ತೆಗೆಯೋ ಅಧಿಕಾರಾನೂ ಆಯಾ ರಾಜ್ಯದ ಒಳಗೇ ಇದೆ. ರಾಜ್ಯದ ಶಾಸಕಾಂಗ ಮಹಾಭಿಯೋಗ ಮಾಡಬಹುದು, ಅಂದ್ರೆ ಆರೋಪ ಹೊರಿಸಿ ವಿಚಾರಣೆ ನಡೆಸಿ ತೆಗೀಬಹುದು. ಕೆಲವು ರಾಜ್ಯಗಳಲ್ಲಿ ಜನರೇ ವಾಪಸ್ ಕರೆಸಬಹುದು. ಕ್ಯಾಲಿಫೋರ್ನಿಯಾದಲ್ಲಿ 2003ರಲ್ಲಿ ಗ್ರೇ ಡೇವಿಸ್ ಹೋಗಿ ಸಿನಿಮಾ ನಟ ಶ್ವಾರ್ಜ್‌ನೆಗರ್ ಬಂದದ್ದು ಹಾಗೇ.

ನಿವೃತ್ತ ಮಾಸ್ತರ, ಧಾರವಾಡ

ತಂಗಿ ಹೇಳಿದ್ದು ಖರೆ ಅದ, ಆದ್ರ ಬೇರು ಇನ್ನೂ ಆಳದಾಗ ಅದ. ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಕಲಿಸೂ ಮುಂದ ನಾನು ಇದನ್ನ ನಮ್ಮ ಮನಿಯಿಂದನ ಶುರು ಮಾಡತಿದ್ದೆ.

ಅಜ್ಜಾರ, ನೀವು 1956ಕ್ಕಿಂತ ಮೊದಲ ಹುಟ್ಟಿದವರಾದ್ರ, ನೀವು ಹುಟ್ಟಿದಾಗ ಬೆಟಗೇರಿ ಮುಂಬಯಿ ರಾಜ್ಯದಾಗ ಇತ್ತು. 1956ರ ನವೆಂಬರ್ 1ಕ್ಕ ಮೈಸೂರು ರಾಜ್ಯಕ್ಕ ಬಂತು, 1973ಕ್ಕ ಅದಕ್ಕ ಕರ್ನಾಟಕ ಅಂತ ಹೆಸರಾತು. ಮನಿ ಇದ್ದಲ್ಲೇ ಇತ್ತು, ರಾಜ್ಯ ಬದಲಾತು. ಏಕೀಕರಣಕ್ಕ ನಮ್ಮ ಹಿರ್ಯಾರು ಬಡದಾಡಿದ್ದು ನೆನಸಿದ್ರ ನನಗ ಇವತ್ತಿಗೂ ಎದಿ ತುಂಬಿ ಬರತದ. ಆದ್ರ ಕಾಯ್ದೆ ಮಾಡಿದ್ದು ಪಾರ್ಲಿಮೆಂಟು. ನಮ್ಮ ಸಂವಿಧಾನದ 3ನೇ ವಿಧಿಯೊಳಗ ರಾಜ್ಯದ ಅಭಿಪ್ರಾಯ ಕೇಳಬೇಕು ಅಂತ ಅದ, ಒಪ್ಪಿಗೆ ಬೇಕು ಅಂತ ಇಲ್ಲ.

ಅಮೆರಿಕದಾಗ ಮೊದಲ ಹುಟ್ಟಿದ್ದು ರಾಜ್ಯಗಳು. 13 ರಾಜ್ಯ ಇದ್ದವು. 1787ರಾಗ ಫಿಲಡೆಲ್ಫಿಯಾದಾಗ ಕುಂತು ಸಂವಿಧಾನ ಬರದ್ರು, 9 ರಾಜ್ಯ ಒಪ್ಪಿದ್ರ ಮಾತ್ರ ಜಾರಿ ಅಂತ ಅದರಾಗನ ಬರದ್ರು. ಯಾವ್ಯಾವ ಅಧಿಕಾರ ಕೇಂದ್ರಕ್ಕ ಕೊಟ್ಟಾರೋ ಅಷ್ಟ ಕೇಂದ್ರದ್ದು, ಉಳದದ್ದು ರಾಜ್ಯಗಳದ್ದು ಇಲ್ಲಾ ಜನರದ್ದು ಅಂತ 1791ರ 10ನೇ ತಿದ್ದುಪಡಿ ಹೇಳತದ. ಒಂದು ರಾಜ್ಯ ಒಡದು ಇನ್ನೊಂದು ಮಾಡಬೇಕಂದ್ರ ಆ ರಾಜ್ಯದ ಒಪ್ಪಿಗೆ ಕಡ್ಡಾಯ. 1820ರಾಗ ಮ್ಯಾಸಚೂಸೆಟ್ಸ್ ಹೂಂ ಅಂದ ಮ್ಯಾಲೇ ಮೇನ್ ಬ್ಯಾರೆ ರಾಜ್ಯ ಆತು. ಗವರ್ನರನ ಕುರ್ಚಿ ಅಧ್ಯಕ್ಷರು ಕೊಟ್ಟದ್ದಲ್ಲ, ಹಿಂಗಾಗಿ ಕಸಗೊಳ್ಳಲಿಕ್ಕೂ ಬರೂದಿಲ್ಲ.

ಹಂಗಂತ ಗವರ್ನರ್ ಮನಸಿಗೆ ಬಂದಂಗ ನಡೀಲಿಕ್ಕೆ ಬರತದ ಅಂತಲ್ಲ. ಇದನ್ನ ಮೊಮ್ಮಗಳಿಗೆ ಅಗದೀ ಚಂದಾಗಿ ಹೇಳ್ರಿ, ಯಾಕಂದ್ರ ಇದು ಆಕೀ ಓರಿಗೆಯ ಮಕ್ಕಳ ಕಥಿ. ಕರಿಯರಿಗೆ ಬಿಳಿಯರಿಗೆ ಬ್ಯಾರೆ ಬ್ಯಾರೆ ಸಾಲಿ ನಡಸೂದು ಸಂವಿಧಾನಕ್ಕ ವಿರುದ್ಧ ಅಂತ 1954ರಾಗ ಸುಪ್ರೀಂ ಕೋರ್ಟ್ ಹೇಳಿತು. 1957ರ ಸೆಪ್ಟೆಂಬರದಾಗ ಅರ್ಕನ್ಸಾ ರಾಜ್ಯದ ಲಿಟಲ್ ರಾಕ್ ಊರಾಗ 9 ಕರಿಯ ಮಕ್ಕಳು ಸೆಂಟ್ರಲ್ ಹೈಸ್ಕೂಲಿಗೆ ಹೊಂಟ್ರು. ಗವರ್ನರ್ ಫಾಬಸ್ ನ್ಯಾಷನಲ್ ಗಾರ್ಡ್ ಅನ್ನೂ ರಾಜ್ಯದ ಮೀಸಲು ಪಡೆ ನಿಲ್ಲಿಸಿ ಅವರನ್ನ ತಡದ್ರು. ಅಧ್ಯಕ್ಷ ಐಸೆನ್‌ಹೋವರ್ ಏನು ಮಾಡಿದ್ರು? ಆ ಗಾರ್ಡನ್ನ ತಮ್ಮ ಹುಕುಮಿನ ಕೆಳಗ ತಗೊಂಡ್ರು, ಕೇಂದ್ರ ಸೈನ್ಯದ 101ನೇ ಏರ್‌ಬೋರ್ನ್ ದಳದ ಸೈನಿಕರನ್ನ ಕಳಿಸಿ ಮಕ್ಕಳನ್ನ ಸಾಲಿ ಒಳಗ ಬಿಡಿಸಿದ್ರು. ಕೇಂದ್ರದ ಕಾಯ್ದೆ ರಾಜ್ಯದ ಕಾಯ್ದೆಗಿಂತ ಮ್ಯಾಲ ಅಂತ ಸಂವಿಧಾನದ 6ನೇ ವಿಧಿ ಅದ, ಅದು ನಡದೇ ನಡೀಬೇಕು. ಆದ್ರ ಸೈನ್ಯ ಕಳಿಸಿದ ಆ ಅಧ್ಯಕ್ಷರೂ ಫಾಬಸ್‌ನ ಕುರ್ಚಿಯಿಂದ ಇಳಸಲಿಲ್ಲ. ಇಳಸೂ ಅಧಿಕಾರನ ಇರಲಿಲ್ಲ.

ಬೊಮ್ಮಾಯಿಯವರ ಕಥಿ 1989ಕ್ಕ ಮುಗೀಲಿಲ್ಲ ಅನ್ನೂದನ್ನೂ ಆಕಿಗೆ ಹೇಳ್ರಿ. 1994ರ ಮಾರ್ಚ್ 11ಕ್ಕ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಆ ವಜಾ ಸಂವಿಧಾನಬಾಹಿರ ಅಂತ ಹೇಳಿತು, ಬಹುಮತ ಅಳಿಯೂ ಜಾಗಾ ಸದನ, ರಾಜಭವನ ಅಲ್ಲ ಅಂತ ಗಟ್ಟಿ ಮಾಡಿತು. ಅಷ್ಟೊತ್ತಿಗೆ ಹೊಸಾ ಚುನಾವಣಿ ಆಗಿ ವರ್ಷಾನುಗಟ್ಟಲೆ ಕಳದಿತ್ತು, ಅವರ ಸರ್ಕಾರ ತಿರುಗಿ ಬರಲಿಲ್ಲ. ಆದ್ರ ರಾಜ್ಯ ಸರ್ಕಾರ ತಗದು ರಾಷ್ಟ್ರಪತಿ ಆಡಳಿತ ತರೂ 356ನೇ ವಿಧಿಯನ್ನ ಮೊದಲಿನಂಗ ಬೇಕಾದಾಗ ಬೀಸೂದು ಅಲ್ಲಿಂದ ಕಠಿಣ ಆತು.

ಬೆಟಗೇರಿ ಅಜ್ಜ, ಗದಗ

ಮಾಸ್ತರ್ರ, ತಂಗಿ, ಇಬ್ಬರಿಗೂ ಶರಣು. ಎರಡೂ ಉತ್ತರ ಆಕಿಗೆ ಓದಿ ಹೇಳಿದೆ. ಮುಂಬಯಿ ರಾಜ್ಯದ ಮಾತು ಕೇಳಿ ನನ್ನ ಹಳೇ ಸಾಲಿ ದಾಖಲಿ ತಗಸಿ ನೋಡಿದಳು. ಈಗ ಒಂದ ಪ್ರಶ್ನಾ ಹಿಡದಾಳ: ಆ ಗವರ್ನರ್ ಮುಂದ ಏನಾದ್ರು, ಆ ಮಕ್ಕಳು ಏನಾದ್ರು?

ನಿವೃತ್ತ ಮಾಸ್ತರ, ಧಾರವಾಡ

ಫಾಬಸ್ 1958ರಾಗ ಮತ್ತ ಆರಿಸಿ ಬಂದ್ರು. ಆ ವರ್ಷ ಲಿಟಲ್ ರಾಕಿನ ಹೈಸ್ಕೂಲುಗಳನ್ನ ಮುಚ್ಚಿಸಿದ್ರು, ಕರಿಯ ಬಿಳಿಯ ಅನ್ನದ ಎಲ್ಲಾ ಮಕ್ಕಳ ಒಂದು ವರ್ಷ ಹಾಳಾತು. ರಾಜ್ಯದ ಅಧಿಕಾರ ದೊಡ್ಡದು ಅಂತ ಪಾಠ ಮಾಡೂ ಮುಂದ ಈ ವರ್ಷಾನ್ನ ನಾನು ಎಂದೂ ಬಿಡತಿರಲಿಲ್ಲ.

ಮುಚ್ಚೂಕಿಂತ ಮೊದಲ, 1958ರ ಮೇ ತಿಂಗಳಾಗ, 9 ಮಕ್ಕಳೊಳಗ ಕೊನೇ ವರ್ಷದಾಗ ಓದತಿದ್ದ ಅರ್ನೆಸ್ಟ್ ಗ್ರೀನ್ ಅದೇ ಸೆಂಟ್ರಲ್ ಹೈಸ್ಕೂಲಿನಿಂದ ಪಾಸಾಗಿ ಸರ್ಟಿಫಿಕೇಟ್ ತಗೊಂಡು ಹೊರಗ ಬಂದ. ಆ ಸಾಲಿಯಿಂದ ಪಾಸಾದ ಮೊದಲನೇ ಕರಿಯ ಹುಡುಗ ಅಂವ.